ತಪ್ಪು ಅಂದರೆ ಒಂದು, ಸಾಲ ಅಂದರೆ ಇನ್ನೊಂದು

ಯೇಸು ಸ್ವಾಮಿ ಶಿಷ್ಯರಿಗೆ ಕಲಿಸಿಕೊಟ್ಟ ಕರ್ತನ ಪ್ರಾರ್ಥನೆಯನ್ನು ನಾನು ಯಾವಾಗ ಕಲಿತೆ ಅಂತ ನನಗೆ ನೆನಪಿಲ್ಲ. ಮಾತು ಕಲಿಯುವಾಗಲೇ ಅದನ್ನೂ ಕಲಿತಿರಬೇಕು. ಅಮ್ಮ ಮುಂದೆ ಹೇಳುತ್ತಿದ್ದರು, ನಾನು ಹಿಂದೆ ಹೇಳುತ್ತಿದ್ದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರುವಾದರೆ "ಆಮೆನ್" ಬರುವ ತನಕ ನಾಲಿಗೆ ತಾನಾಗಿಯೇ ಓಡುತ್ತಿತ್ತು. ಮನೆ ಪ್ರಾರ್ಥನೆಯಲ್ಲಿ, ಭಾನುವಾರದ ಆರಾಧನೆಯಲ್ಲಿ, ಸಾವಿನ ಮನೆಯಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ಅದೇ. ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕ ಇಟ್ಟವರಿಲ್ಲ.

ಕರ್ನಾಟಕ ಬಿಟ್ಟು ಇಲ್ಲಿಗೆ ಬಂದ ಮೊದಲ ಭಾನುವಾರ ಒಂದು ಸಭೆಗೆ, ಅಂದರೆ ಚರ್ಚಿಗೆ, ಹೋದೆ. ಅಲ್ಲಿ ಕನ್ನಡ ಇಲ್ಲ. ಹಾಡು ಬೇರೆ, ರಾಗ ಬೇರೆ. ಕರ್ತನ ಪ್ರಾರ್ಥನೆ ಬಂದಾಗ ಸ್ವಲ್ಪ ಸಮಾಧಾನ ಆಯಿತು. ಇದಾದರೂ ನನಗೆ ಗೊತ್ತಲ್ವಾ ಅಂತ. ಎದುರಿನ ಪರದೆ ನೋಡಿಕೊಂಡು ಅವರ ಭಾಷೆಯಲ್ಲೇ ಒಂದೊಂದು ಪದ ನಿಧಾನವಾಗಿ ಓದಿದೆ. ಅರ್ಧಕ್ಕೆ ಬಂದಾಗ ತಡೆದು ನಿಂತೆ. ನಾವು "ನಮ್ಮ ತಪ್ಪುಗಳನ್ನು ಕ್ಷಮಿಸು" ಅನ್ನುವ ಜಾಗದಲ್ಲಿ ಅವರು "ನಮ್ಮ ಸಾಲಗಳನ್ನು ಮನ್ನಾ ಮಾಡು" ಅನ್ನುತ್ತಿದ್ದರು.

ಮನೆಗೆ ಬಂದು ಹುಡುಕಿ ನೋಡಿದೆ. ಬೈಬಲ್ಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಗ್ರೀಕ್ ಮೂಲದ ಪದ ಸಾಲ, ಕೊಡಬೇಕಾದ ಬಾಕಿ ಅಂತಲೇ. ಲೂಕನ 11ನೇ ಅಧ್ಯಾಯದಲ್ಲಿ ಮೊದಲು ಪಾಪ ಅಂತ ಇದೆ, ಆದರೆ ಮುಂದಿನ ಮಾತಿನಲ್ಲಿ ಅಲ್ಲೂ ನಮಗೆ ಸಾಲ ತೀರಿಸಬೇಕಾದವರ ಮಾತೇ ಬರುತ್ತದೆ. ಯೇಸು ಸ್ವಾಮಿ ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ಬಳಕೆಯಲ್ಲಿತ್ತು. ಹಾಗಾಗಿ ನಮ್ಮ ಕನ್ನಡದ್ದು ತಪ್ಪು ಅಂತ ನಾನು ಖಂಡಿತ ಹೇಳುತ್ತಿಲ್ಲ. ಎರಡೂ ಸರಿ. ಆದರೆ ಎರಡೂ ಮನಸ್ಸಿನಲ್ಲಿ ಮಾಡುವ ಕೆಲಸ ಒಂದೇ ಅಲ್ಲ.

ತಪ್ಪು ಅಂದ ಕೂಡಲೇ ಅದು ನನ್ನದು. ನನ್ನೊಳಗಿನದು. ನಾನು ಮತ್ತು ದೇವರು, ನಡುವೆ ಬೇರೆ ಯಾರೂ ಇಲ್ಲ. "ತಪ್ಪಾಯ್ತು" ಅಂದರೆ ಅಲ್ಲಿಗೆ ಮುಗೀತು. ಸಾಲ ಹಾಗಲ್ಲ. ಸಾಲ ಅಂದರೆ ಕೊಟ್ಟವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಹೆಸರಿದೆ, ಮನೆಯಿದೆ, ಅವನು ಕಾಯುತ್ತಿದ್ದಾನೆ. ಆ ಭಾನುವಾರದಿಂದ ಈ ಎರಡು ಪದಗಳು ನನ್ನ ಜೊತೆಗೇ ಇವೆ. ದಿನದಿನದ ಬದುಕಿನಲ್ಲಿ ನಂಬಿಕೆ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದೇ ಇಲ್ಲಿಂದ.

ಊರಲ್ಲಿದ್ದಾಗ ನನ್ನ ನಂಬಿಕೆಯನ್ನು ನಾನೊಬ್ಬನೇ ಹೊತ್ತಿರಲಿಲ್ಲ. ಒಂದು ಭಾನುವಾರ ತಪ್ಪಿಸಿದರೆ ಸಂಜೆಯೊಳಗೆ ಯಾರೋ ಒಬ್ಬರು "ಯಾಕಪ್ಪಾ, ಹುಷಾರಿಲ್ವಾ?" ಅಂತ ಕೇಳುತ್ತಿದ್ದರು. ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಹತ್ತಿರ ಬಂತು ಅಂದರೆ, ಮಾತು ಬಿಟ್ಟ ಮನೆಗಳ ನಡುವೆ ಸಭೆಯ ಹಿರಿಯರೊಬ್ಬರು ಓಡಾಡುತ್ತಿದ್ದರು. ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಒಂದು ವರ್ಷ ಮಾತಿರಲಿಲ್ಲ. ಒಂದು ಶನಿವಾರ ಸಂಜೆ ಆ ಹಿರಿಯರು ಬಂದು ಕೂತರು. ಉಪದೇಶ ಏನೂ ಮಾಡಲಿಲ್ಲ. "ನಾಳೆ ರೊಟ್ಟಿ ಮುರಿಯೋಕೆ ಬರ್ತೀಯಲ್ಲ, ಅಣ್ಣನ ಮನೆ ಹಾದಿಯಲ್ಲೇ ಬರಬೇಕು ನೀನು" ಅಂದರು. ಅಷ್ಟೇ. ಅಪ್ಪ ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತಿದ್ದವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರು ವಾಪಸ್ ಬರುವಾಗ ನಾನು ಮಲಗಿದ್ದೆ. ಅಲ್ಲಿ ಏನು ಮಾತಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ಇಬ್ಬರೂ ಒಂದೇ ಸಾಲಿನಲ್ಲಿ ಕೂತಿದ್ದರು.

ಇಲ್ಲಿ ಯಾರೂ ಕೇಳುವುದಿಲ್ಲ. ಹೋದರೂ ಸರಿ, ಹೋಗದಿದ್ದರೂ ಸರಿ. ನಿನ್ನ ನಂಬಿಕೆ ನಿನ್ನದು ಅನ್ನುವುದು ಇಲ್ಲಿಯ ರೀತಿ. ಅದರಲ್ಲಿ ಗೌರವ ಇದೆ, ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಅಪ್ಪ ಅಮ್ಮ ನೋಡುತ್ತಾರೆ ಅಂತ ಅಲ್ಲ, ನನಗೆ ಬೇಕು ಅಂತ ಪ್ರಾರ್ಥನೆಗೆ ಕೂತದ್ದು ನಾನು ಇಲ್ಲಿಗೆ ಬಂದ ಮೇಲೆಯೇ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಗುಪ್ತವಾಗಿರುವ ತಂದೆಗೆ ಪ್ರಾರ್ಥನೆ ಮಾಡು ಅನ್ನುವ ಮಾತಿನ ರುಚಿ ನನಗೆ ಗೊತ್ತಾದದ್ದೂ ಇಲ್ಲೇ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಅಪಾಯವೂ ಇದೆ. ಅದು ನನಗೆ ತಡವಾಗಿ ತಿಳಿಯಿತು.

ನಾಲ್ಕು ವರ್ಷದ ಹಿಂದಿನ ಮಾತು. ಕಚೇರಿಯಲ್ಲಿ ತಿಂಗಳ ಲೆಕ್ಕದ ಹಾಳೆಯಲ್ಲಿ ಒಂದು ಅಂಕಣವನ್ನು ನಾನು ತಪ್ಪಾಗಿ ಕೂಡಿದ್ದೆ. ಅದು ಮೇಲಿನವರ ತನಕ ಹೋಯಿತು. ಮೀಟಿಂಗಿನಲ್ಲಿ ಮ್ಯಾನೇಜರ್ ಆ ಹಾಳೆ ಎತ್ತಿ ತೋರಿಸಿದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿಯ ಕಡೆ ತಿರುಗಿ, ಇನ್ನು ಮುಂದೆ ಎರಡೆರಡು ಸಲ ನೋಡಿ ಕಳಿಸಬೇಕು ಅಂದರು. ಹಾಳೆ ಅವಳ ಕೈ ದಾಟಿ ಹೋಗಿತ್ತು, ಅಷ್ಟೇ. ಅವಳು ತಲೆ ತಗ್ಗಿಸಿ "ಸರಿ ಸರ್" ಅಂದಳು. ಈಗ ಹೇಳಬೇಕು, ಈಗ ಹೇಳಬೇಕು ಅಂತ ನಾನು ಅಂದುಕೊಳ್ಳುತ್ತಿರುವಾಗಲೇ ಮಾತು ಮುಂದಿನ ವಿಷಯಕ್ಕೆ ಹೋಯಿತು. ನಾನು ಬಾಯಿ ಬಿಡಲಿಲ್ಲ.

ಅವತ್ತು ಬೆಳಿಗ್ಗೆ ಸತ್ಯವೇದ ಓದಿ, ಪ್ರಾರ್ಥನೆ ಮಾಡಿಯೇ ಮನೆ ಬಿಟ್ಟಿದ್ದೆ. ರಾತ್ರಿ ಮಂಡಿಯೂರಿ "ಕರ್ತನೇ, ತಪ್ಪಾಯ್ತು, ಕ್ಷಮಿಸು" ಅಂದೆ. ನಿಜವಾಗಿ ನೊಂದುಕೊಂಡೇ ಹೇಳಿದೆ. ಕಣ್ಣೀರು ಬಂತು. ಮನಸ್ಸು ಹಗುರ ಆಯಿತು. ಒಳ್ಳೆಯ ನಿದ್ದೆ ಬಂತು. ಈಗ ನೆನೆಸಿಕೊಂಡರೆ ನನಗೆ ಹೆದರಿಕೆ ಆಗುವುದು ಆ ನಿದ್ದೆಯ ಬಗ್ಗೆಯೇ.

ಮುಂದಿನ ಭಾನುವಾರ ಸಭೆಯಲ್ಲಿ ಮತ್ತೆ ಅದೇ ಪದ ಬಂತು, ಸಾಲ. ಈ ಸಲ ಒಂದು ಮುಖ ಕಣ್ಣ ಮುಂದೆ ಬಂತು.

ಸೋಮವಾರ ಅವಳ ಮೇಜಿನ ಹತ್ತಿರ ಹೋದೆ. ಆ ಹಾಳೆಯನ್ನು ಅವಳು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದಳು. ಒಂದೊಂದು ಅಂಕಿಯ ಪಕ್ಕದಲ್ಲೂ ಪೆನ್ಸಿಲಿನಿಂದ ಸಣ್ಣದೊಂದು ಟಿಕ್. ಕೆಲವು ಕಡೆ ಎರಡು. ಕೆಳಗಿನ ಅಂಚಿನಲ್ಲಿ ಕೂಡಿ, ರಬ್ಬರಿನಿಂದ ಅಳಿಸಿ, ಮತ್ತೆ ಕೂಡಿ ಕಾಗದ ಮಂಕಾಗಿ ಹೋಗಿತ್ತು. ತಾನು ಮಾಡದ ತಪ್ಪನ್ನು ಅವಳು ಅಷ್ಟು ದಿನದಿಂದ ಹುಡುಕುತ್ತಿದ್ದಳು. ನಾನು ದೇವರ ಹತ್ತಿರ ಮುಗಿಸಿಕೊಂಡು ಬಂದಿದ್ದ ವಿಷಯ ಆ ಮೇಜಿನ ಮೇಲೆ ಇನ್ನೂ ಮುಗಿದಿರಲಿಲ್ಲ.

ಹೇಳಿದೆ. "ಪರವಾಗಿಲ್ಲ ಸರ್" ಅಂತಾಳೆ ಅಂದುಕೊಂಡಿದ್ದೆ. ಹಾಗನ್ನಲಿಲ್ಲ. "ಅವತ್ತೇ ಯಾಕೆ ಹೇಳಲಿಲ್ಲ ಸರ್?" ಅಂದಳು. ಹೆದರಿಕೆ ಆಯಿತು ಅಂದೆ. ಅದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅವರೆಲ್ಲರ ಎದುರಿಗೆ ಹೇಳ್ತೀರಾ?" ಅಂತ ಕೇಳಿದಳು. ಮುಂದಿನ ಮೀಟಿಂಗಿನಲ್ಲಿ ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಅವಳು ನನ್ನ ಜೊತೆ ಮೊದಲಿನ ಹಾಗೆ ಮಾತಾಡೋಕೆ ಕೆಲವು ತಿಂಗಳೇ ಬೇಕಾಯಿತು. ಅಷ್ಟು ಕಾಲ ತೆಗೆದುಕೊಳ್ಳುವುದು ಅವಳ ಹಕ್ಕು. ನಾನು ಹೋಗಿ ಕ್ಷಮೆ ಕೇಳಬಹುದಿತ್ತು, ಕೇಳಿದೆ. ಕೊಡು ಅಂತ ಒತ್ತಾಯ ಮಾಡುವ ಹಾಗಿರಲಿಲ್ಲ.

ಯೇಸು ಸ್ವಾಮಿ ಬೆಟ್ಟದ ಮೇಲೆ ಮಾಡಿದ ಪರ್ವತ ಪ್ರಸಂಗದಲ್ಲಿ ಒಂದು ಮಾತಿದೆ, ಮತ್ತಾಯ 5ನೇ ಅಧ್ಯಾಯದ 23 ಮತ್ತು 24ನೇ ವಚನ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ, ಆಮೇಲೆ ಬಂದು ಕಾಣಿಕೆ ಕೊಡು. ಇದನ್ನು ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ. ಎಷ್ಟೋ ದಿನ ನಡೆದು ಬಂದಿದ್ದೀಯ, ಕಾಣಿಕೆ ಕೈಯಲ್ಲಿದೆ, ವೇದಿ ಕಣ್ಣೆದುರಿಗೆ ಇದೆ. ಆಗ ನೆನಪಾದರೆ ವಾಪಸ್ ನಡೆ, ಸಮಾಧಾನ ಮಾಡಿಕೊಂಡು ಮತ್ತೆ ನಡೆದು ಬಾ ಅಂದಂತೆ ಆಯಿತು ಅವರಿಗೆ. ನನಗೆ ದಾಟಬೇಕಾಗಿದ್ದದ್ದು ನಾಲ್ಕು ಮೇಜು. ಅದಕ್ಕೆ ನಾನು ಎಷ್ಟೊಂದು ದಿನ ತೆಗೆದುಕೊಂಡೆ.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. ಜನರಿಗೆ ಬಾಕಿ ತೀರಿಸಿದರೆ ಅದರ ಬದಲಿಗೆ ದೇವರು ಕ್ಷಮಿಸುತ್ತಾನೆ ಅಂತ ನಾನು ಹೇಳುತ್ತಿಲ್ಲ. ಯೇಸು ಸ್ವಾಮಿಯನ್ನು ನೋಡೋಕೆ ಮರ ಹತ್ತಿದ ಸುಂಕ ವಸೂಲಿಯ ಜಕ್ಕಾಯನ ಕಥೆ ನೋಡಿ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂತ ಅವನು ಹೇಳಿದ್ದು ಆಮೇಲೆ. ಅದಕ್ಕೂ ಮೊದಲೇ ಯೇಸು ಸ್ವಾಮಿ ಮರದ ಕೆಳಗೆ ನಿಂತು, ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದಿದ್ದರು. ಕೃಪೆ ಮೊದಲು ಬಂತು. ಕೃಪೆ ಬಂದ ಮನೆಯಲ್ಲಿ ಹಳೆಯ ಲೆಕ್ಕದ ಪುಸ್ತಕ ತಾನಾಗಿಯೇ ತೆರೆಯಿತು. 18ನೇ ಅಧ್ಯಾಯದಲ್ಲಿ ಮತ್ತಾಯ ಹೇಳುವ ಸಾಮ್ಯವೂ, ಅಂದರೆ ಯೇಸು ಸ್ವಾಮಿಯ ದೃಷ್ಟಾಂತ ಕಥೆಯೂ, ಹೀಗೆಯೇ. ಒಬ್ಬ ಆಳಿಗೆ ಅರಸನು 10,000 ತಲಾಂತು ಸಾಲ ಬಿಟ್ಟುಬಿಟ್ಟ. ಒಂದು ತಲಾಂತು ಅಂದರೆ ಹೆಚ್ಚು ಕಡಿಮೆ 6,000 ದಿನಾರಿ, ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಗುಣಿಸಿದರೆ 6 ಕೋಟಿ ದಿನದ ಕೂಲಿ. ಯಾವ ಜನ್ಮಕ್ಕೂ ತೀರುವ ಸಾಲ ಅಲ್ಲ. ಆ ಆಳು ಹೊರಗೆ ಬಂದು 100 ದಿನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿದ. ಒಂದು ವಿಷಯವನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. 100 ದಿನಾರಿ ಕೂಡ ಸಣ್ಣದಲ್ಲ. ಮೂರು ತಿಂಗಳಿಗೂ ಮೀರಿದ ದುಡಿಮೆ. ಕ್ಷಮಿಸುವವರಿಗೆ ನಿಜವಾಗಿಯೂ ಕೈ ಕಚ್ಚುತ್ತದೆ. "ಅದೇನು ಮಹಾ, ಬಿಟ್ಟುಬಿಡಿ" ಅಂತ ನೊಂದವರಿಗೆ ಸುಲಭವಾಗಿ ಬುದ್ಧಿ ಹೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕೆಲವರು ನಂಬಿಕೆಯನ್ನು ಬಾಯಲ್ಲಿ ತೋರಿಸುತ್ತಾರೆ. ಮಾತೆತ್ತಿದರೆ ವಚನ, ಬೆಳಗಾದರೆ ಫೋನಿನಲ್ಲಿ ವಚನ. ಇನ್ನು ಕೆಲವರು ನಂಬಿಕೆ ನನ್ನ ಸ್ವಂತ ವಿಷಯ, ಕೆಲಸದ ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆ ಆಗುವುದಿಲ್ಲ. ಯೇಸು ಸ್ವಾಮಿ ಒಂದೇ ಪ್ರಸಂಗದಲ್ಲಿ ಎರಡು ಮಾತು ಹೇಳಿದ್ದಾರೆ. ಜನ ನಿಮ್ಮ ಒಳ್ಳೆಯ ಕೆಲಸ ನೋಡುವಂತೆ ನಿಮ್ಮ ಬೆಳಕು ಹೊಳೆಯಲಿ ಅಂದರು. ಜನ ನೋಡಲಿ ಅಂತ ಧರ್ಮಕಾರ್ಯ ಮಾಡಬೇಡಿ ಅಂತಲೂ ಅಂದರು. ಮುಚ್ಚಿಡಬೇಕು ಅಂದದ್ದು ದಾನ, ಪ್ರಾರ್ಥನೆ, ಉಪವಾಸ. ಕಾಣಬೇಕು ಅಂದದ್ದು ಜೊತೆಯ ಮನುಷ್ಯನಿಗೆ ಮಾಡುವ ಒಳ್ಳೆಯದು. ನಾವು ಎಷ್ಟೋ ಸಲ ಇದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆ ಅಂತ ನನಗೆ ಅನಿಸುತ್ತದೆ.

ಹಾಗಾದರೆ ಊರಿನ ರೀತಿ ಮೇಲೋ, ಇಲ್ಲಿಯ ರೀತಿ ಮೇಲೋ? ಊರಲ್ಲಿ ಬಾಕಿಯನ್ನು ನೆನಪಿಸೋಕೆ ಮನುಷ್ಯರಿದ್ದರು, ಆದರೆ ನಾನು ಆ ಪದವನ್ನು ಕೇಳಿಸಿಕೊಂಡಿರಲಿಲ್ಲ. ಇಲ್ಲಿ ಪದ ಕೇಳಿಸಿತು, ಮನುಷ್ಯರಿಲ್ಲ. ಒಬ್ಬನೇ ಇದ್ದರೆ ನನ್ನ ಮನಸ್ಸು ನನಗೆ ಬೇಗ ಮಾಫಿ ಕೊಟ್ಟುಬಿಡುತ್ತದೆ. ಅದಕ್ಕೆ ನಾವು ಮೂವರು ಸೇರಿ ವಾರಕ್ಕೊಮ್ಮೆ ಕೂರುವುದನ್ನು ಶುರು ಮಾಡಿದೆವು. ಒಬ್ಬರು ಕಥೋಲಿಕರು, ಒಬ್ಬರು ಮೆಥಡಿಸ್ಟ್ ಸಭೆಯವರು, ನಾನೊಬ್ಬ. ಮೆಥಡಿಸ್ಟ್ ಪಂಗಡವನ್ನು ಶುರು ಮಾಡಿದ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ ಪ್ರತಿ ಸಲ ಕೇಳಲೇಬೇಕು ಅಂತ ಇಟ್ಟ ಮೊದಲ ಪ್ರಶ್ನೆಯೇ, ಹೋದ ಸಲ ಸೇರಿದ ಮೇಲೆ ತಿಳಿದೂ ಮಾಡಿದ ಪಾಪ ಯಾವುದು ಅಂತ. ಕಥೋಲಿಕ ಗೆಳೆಯರು ದಿನದ ಕೊನೆಗೆ, ಜೆಸ್ಯೂಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಕಲಿಸಿದ ಹಾಗೆ, ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ದೇವರ ಮುಂದೆ ನೋಡುತ್ತಾ ಬರುತ್ತಾರೆ. ಮೊದಲು ಕೃತಜ್ಞತೆ, ಆಮೇಲೆ ಲೆಕ್ಕ. ನಾವು ಎರಡನ್ನೂ ಸೇರಿಸಿ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇವೆ: ಈ ವಾರ ಯಾರಿಗೆ ಏನು ಬಾಕಿ ಉಳಿಯಿತು? ಹಣ ಅಂತಲ್ಲ. ಕೊಡಬೇಕಿದ್ದ ಉತ್ತರ, ಹೇಳಬೇಕಿದ್ದ ಥ್ಯಾಂಕ್ಸ್, ಬೇರೆಯವರಿಗೆ ಸಲ್ಲಬೇಕಿದ್ದು ನಾನು ತೆಗೆದುಕೊಂಡ ಹೆಸರು, ಹೆಂಡತಿಯ ಮೇಲೆ ಸುಮ್ನೆ ಎತ್ತರಿಸಿದ ದನಿ. ಮುಂದಿನ ವಾರ ಮೊದಲು ಕೇಳುವುದು, ಹೋಗಿ ಮಾತಾಡಿದೆಯಾ ಅಂತ. ಕೆಲವು ವಾರ ಇಲ್ಲ ಅಂತ ಹೇಳಬೇಕಾಗುತ್ತದೆ. ಆಗ ಮೂವರೂ ಸುಮ್ಮನೆ ಕೂತಿರುತ್ತೇವೆ. ಅದೂ ಪ್ರಾರ್ಥನೆಯೇ ಅಂತ ನನಗೆ ಅನಿಸಿದೆ.

ಅಮ್ಮನ ಜೊತೆ ಈಗಲೂ ಫೋನಿನಲ್ಲಿ ಪ್ರಾರ್ಥನೆ ಮಾಡುತ್ತೇನೆ, ಕನ್ನಡದಲ್ಲೇ. ಮೊದಲಿನ ಹಾಗೆ ಅವರು ಮುಂದೆ, ನಾನು ಹಿಂದೆ. "ನಮಗೆ ತಪ್ಪು ಮಾಡಿದವರನ್ನು" ಅನ್ನುವಲ್ಲಿಗೆ ಬಂದಾಗ ನಾನು ತಡೆಯುತ್ತೇನೆ. ಮೊದಮೊದಲು ಅಮ್ಮ ಫೋನ್ ಕಟ್ ಆಯಿತೇನೋ ಅಂತ "ಇದ್ದೀಯಾ?" ಅನ್ನುತ್ತಿದ್ದರು. ಯಾಕೆ ತಡೆಯುತ್ತೇನೆ ಅಂತ ಒಂದು ದಿನ ಸಾಲದ ವಿಷಯ ಹೇಳಿದೆ. ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಆಮೇಲಿಂದ ಆ ಜಾಗದಲ್ಲಿ ಆ ಕಡೆಯೂ ಮೌನ. ಹೋದ ತಿಂಗಳು ಆಮೆನ್ ಆದ ಮೇಲೆ ಅಮ್ಮ, "ನಾಳೆ ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಬರಬೇಕು ಕಣೋ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ.