‘ಎಲ್ಲ ಒಂದೇ ಅಲ್ವಾ’ ಅನ್ನೋ ಮುಂಚೆ

ಕೆಲವು ವರ್ಷಗಳ ಹಿಂದೆ ಬುದ್ಧ ಪೂರ್ಣಿಮೆಗೆ ಕಲಬುರಗಿಯ ಗೆಳೆಯನ ಮನೆಗೆ ಹೋಗಿದ್ದೆ. ಬುದ್ಧ ವಿಹಾರ ನೋಡಿಕೊಂಡು ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಆತ್ಮವೇ ಇಲ್ಲ ಅಂದರೆ ಮರುಹುಟ್ಟು ಯಾರಿಗೆ ಅಂತ ಮಾತು ನಡೆದಿತ್ತು. ಸುಮ್ನೆ ಕೇಳಿಸಿಕೊಂಡಿದ್ದರೆ ಆಗುತ್ತಿತ್ತು. ಬಾಯಿ ಕೇಳಬೇಕಲ್ಲ! “ಬುದ್ಧನೂ ವಿಷ್ಣುವಿನ ಅವತಾರ ತಾನೇ, ಎಲ್ಲ ಒಂದೇ ಅಲ್ವಾ” ಅಂದುಬಿಟ್ಟೆ. ನಮ್ಮಜ್ಜಿ ಹೇಳಿಕೊಟ್ಟ ದಶಾವತಾರದಲ್ಲಿ ಒಂಬತ್ತನೆಯವನು ಬುದ್ಧ. ಒಳ್ಳೆಯ ಮಾತೇ ಆಡಿದೆ ಅಂದುಕೊಂಡಿದ್ದೆ.

ಗೆಳೆಯನ ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. “ತಮ್ಮಾ, ಅದನ್ನ ನಂಬಂಗಿಲ್ಲ ಅಂತ ನಾವು ಪ್ರತಿಜ್ಞಾ ಮಾಡೀವಿ” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆಯಾಯಿತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ತಾವೂ ಬೌದ್ಧ ದೀಕ್ಷೆ ತಗೊಂಡು, ಲಕ್ಷಾಂತರ ಜನರಿಂದ 22 ಪ್ರತಿಜ್ಞೆ ಮಾಡಿಸಿದರು. ಬುದ್ಧ ವಿಷ್ಣುವಿನ ಅವತಾರ ಅನ್ನುವುದನ್ನು ಒಪ್ಪುವುದಿಲ್ಲ ಅನ್ನುವುದು ಅದರಲ್ಲಿ ಐದನೆಯದು. ಅವರು ಹಟ ಹಿಡಿದು ಬಿಟ್ಟು ಬಂದ ಮನೆಗೇ ನಾನು ನಗುನಗುತ್ತಾ ಕೈ ಹಿಡಿದು ವಾಪಸ್ ಕರೆಯುತ್ತಿದ್ದೆ.

ಬೌದ್ಧರ ಚರ್ಚೆಗೆ ಹೋಗುವ ನಮ್ಮಂಥ ಹೊರಗಿನವರ ದೊಡ್ಡ ಎಡವಟ್ಟು ಇದೇ ಅಂತ ನನಗನ್ನಿಸುತ್ತದೆ. ವಾದಕ್ಕೆ ಅವರು ಹೆದರುವವರಲ್ಲ. ಬೈಲುಕುಪ್ಪೆಯಲ್ಲಿರುವ ಟಿಬೆಟನ್ನರ ಸೆರಾ ಮಠದಲ್ಲಿ ಭಿಕ್ಷುಗಳ ತರ್ಕ ನೋಡಿ. ಉತ್ತರ ಕೊಡುವವರು ನೆಲದ ಮೇಲೆ ಕೂತಿರುತ್ತಾರೆ. ಪ್ರಶ್ನೆ ಕೇಳುವವರು ನಿಂತುಕೊಂಡು, ಎಡಗಾಲು ಅಪ್ಪಳಿಸಿ, ಮುಖದ ಮುಂದೆಯೇ ಚಪ್ಪಾಳೆ ತಟ್ಟುತ್ತಾರೆ. ಹೊಡೆದಾಟವೇ ಶುರುವಾಯ್ತೇನೋ ಅನ್ನಿಸುತ್ತದೆ. ಆದರೆ ಕೂತವರು ಹೇಳಬಹುದಾದದ್ದು ಕೆಲವೇ ಮಾತು: ಒಪ್ಪಿದೆ, ಯಾಕೆ, ನೀವು ಕೊಟ್ಟ ಕಾರಣವೇ ಸರಿಯಿಲ್ಲ, ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ. “ನಂಗೇನೋ ಹಾಗನ್ಸುತ್ತೆ” ಅನ್ನೋಕೆ ಅಲ್ಲಿ ಜಾಗವಿಲ್ಲ. (ನಮ್ಮ ಟಿವಿ ಚರ್ಚೆಗೆ ಇದನ್ನು ತಂದರೆ ಅರ್ಧ ಜನ ಎದ್ದು ಹೋಗಬೇಕಾಗುತ್ತದೆ.) ವರ್ಷಗಟ್ಟಲೆ ಓದಿ ಅಲ್ಲಿ ನಿಂತವರ ನಡುವೆ, ಮೊಬೈಲಲ್ಲಿ ಎರಡು ವಿಡಿಯೊ ನೋಡಿದವರು ತಲೆ ಹಾಕಬಾರದು. ಮುಗಿದ ಮೇಲೆ ಕೇಳಿದರೆ ಕೂರಿಸಿಕೊಂಡು ಹೇಳುವವರು ಸಿಗುತ್ತಾರೆ.

ಭಿಕ್ಷುಗಳಿಗೆ ಕೇಳೋಕೆ ಇನ್ನೊಂದು ಪ್ರಶ್ನೆ ನಮ್ಮವರಿಗೆ ತುಂಬಾ ಇಷ್ಟ. “ಭಂತೇಜಿ, ನಿಮಗೆ ಜ್ಞಾನೋದಯ ಆಗಿದೆಯಾ?” ಪಾಲಿ ವಿನಯದ, ಅಂದರೆ ಭಿಕ್ಷುಗಳ ನಡವಳಿಕೆಯ ನಿಯಮಗಳ, ಪ್ರಕಾರ ಆಗದ್ದನ್ನು ಆಗಿದೆ ಅಂತ ಬೇಕಂತಲೇ ಹೇಳಿಕೊಂಡ ಭಿಕ್ಷು ಸಂಘದಿಂದಲೇ ಹೊರಗೆ. ನಿಜವಾಗಿ ಆಗಿದ್ದರೂ ಗೃಹಸ್ಥರ ಮುಂದೆ ಹೇಳಿಕೊಳ್ಳುವುದು ತಪ್ಪೇ. ಅವರು ಮುಗುಳ್ನಕ್ಕು ಮಾತು ಬದಲಿಸಿದರೆ ನಾವು ಸಿಕ್ಕಿಹಾಕಿಸಿದೆವು ಅಂತ ಬೀಗುತ್ತೇವೆ. ಚಪ್ಪಲಿ ಹಾಕಿಕೊಂಡೋ, ಅವರಿಗಿಂತ ಎತ್ತರದಲ್ಲಿ ಕೂತೋ ಕೇಳುವವರಿಗೆ, ಕಾಯಿಲೆಯವರಲ್ಲದಿದ್ದರೆ, ಧರ್ಮ ಹೇಳಬಾರದು ಅಂತಲೂ ಅದೇ ವಿನಯದಲ್ಲಿದೆ. ಅವರಾಗಿ ಹೇಳಲು ಸಂಕೋಚಪಡಬಹುದು. ನಾವೇ ಕುರ್ಚಿ ಬಿಟ್ಟು ಇಳಿದು ಕೂತರೆ ಆಯಿತು.

ಮರುವರ್ಷ ಮತ್ತೆ ಕಲಬುರಗಿಗೆ ಹೋದೆ. ಚಹಾ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದೆ, “ಕಾಕಾ, ಆತ್ಮ ಇಲ್ಲ ಅಂದರೆ ಮರುಹುಟ್ಟು ಯಾರಿಗೆ?”

“ಅದಕ್ಕ ಭಾಳ ಹೊತ್ತು ಹಿಡಿತದ ತಮ್ಮಾ. ಊಟ ಇಲ್ಲೇ ಮಾಡು” ಅಂದರು.