ಹತ್ತನೇ ಕ್ಲಾಸಿನ ಉಯಿಲು

ಫೆಬ್ರವರಿ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ಕಾಫಿ ಗಿಡ ಹೂ ಬಿಡಲು ಹೂಮಳೆ ಬೇಕು, ಆದರೆ ಕಣದಲ್ಲಿ ಹರಡಿದ ರೊಬಸ್ಟಾ ಕಾಫಿ ಒಣಗಿ ಮೂಟೆ ಕಟ್ಟಿದ ಮೇಲೆ ಬೇಕು. ಇದೇ ಹೊತ್ತಿಗೆ ಹೈಸ್ಕೂಲುಗಳಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದು, ಮಾರ್ಚಿನ ಎಸ್ಸೆಸ್ಸೆಲ್ಸಿಗೆ ಮುಂಚೆ ಒಂದಿಷ್ಟು ಬಿಡುವು ಸಿಗುತ್ತದೆ. ಸೆಂಡಾಫ್ ಎಂಬ ಬೀಳ್ಕೊಡುಗೆ ನಡೆಯಬೇಕಾದದ್ದು ಆ ಬಿಡುವಿನಲ್ಲೇ. ಅದಕ್ಕೂ ಮುಂಚೆ ಇಟ್ಟರೆ ಹತ್ತನೆಯವರಿಗೆ ಹೋಗುತ್ತಿದ್ದೇವೆ ಅನ್ನಿಸುವುದಿಲ್ಲ. ತಡವಾಗಿ ಇಟ್ಟರೆ ಅವರ ಕೈಯಲ್ಲಿ ಪ್ರವೇಶ ಪತ್ರ ಬಂದಿರುತ್ತದೆ, ಮುಖದಲ್ಲಿ ನಗು ಉಳಿದಿರುವುದಿಲ್ಲ.

ಸಮಾರಂಭದ ನಡೆ ಗೊತ್ತಿರುವಂಥದ್ದೇ. ಒಂಬತ್ತನೆಯವರು ಸ್ವಾಗತಿಸುತ್ತಾರೆ, ‘ಜ್ಞಾನ ದೇಗುಲ’ ಎಂಬ ಮಾತು ನಾಲ್ಕೈದು ಸಲ ಬರುತ್ತದೆ, ಹತ್ತನೆಯವರ ಪರವಾಗಿ ಒಬ್ಬರು ಅನಿಸಿಕೆ ಹೇಳಲು ನಿಂತು ಮೂರನೇ ವಾಕ್ಯಕ್ಕೆ ಅಳುತ್ತಾರೆ, ನಾಲ್ಕನೇ ವಾಕ್ಯ ಯಾರಿಗೂ ಕೇಳಿಸುವುದಿಲ್ಲ. ಈ ಅನಿಸಿಕೆಯ ಜಾಗದಲ್ಲಿ ಒಂದು ಉಯಿಲು ಓದುವುದು ಒಳ್ಳೆಯದು. ಅಮೆರಿಕದ ಶಾಲೆ ಕಾಲೇಜುಗಳಲ್ಲಿ 19ನೇ ಶತಮಾನದಿಂದಲೇ ಈ ಆಟ ಇದೆ. ಹೊರಟುನಿಂತ ತರಗತಿ ಕಿರಿಯರಿಗೆ ತನ್ನ ಇಲ್ಲದ ಆಸ್ತಿಯನ್ನೆಲ್ಲ ಬರೆದುಕೊಟ್ಟು ಹೋಗುತ್ತದೆ. ಆಟ ಅವರದಾದರೂ, ಅದಕ್ಕೆ ಹೇಳಿ ಮಾಡಿಸಿದ ಭಾಷೆ ಇರುವುದು ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ. ‘ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ ಬರೆಸಿಕೊಟ್ಟ ಉಯಿಲಿನ ಕ್ರಮವೇನೆಂದರೆ’ ಎಂಬ ಸಾಲನ್ನು ಕಾಲು ಅಲ್ಲಾಡುವ ಬೆಂಚೊಂದರ ಬಗ್ಗೆ ಗಂಭೀರವಾಗಿ ಓದಿ ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕಾನೂನಿನ ಮಾತು ಮೊದಲು. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 59ನೇ ಕಲಮಿನ ಪ್ರಕಾರ ಉಯಿಲು ಬರೆಯುವವರು ಸ್ವಸ್ಥ ಚಿತ್ತರಾಗಿರಬೇಕು, ಅಪ್ರಾಪ್ತ ವಯಸ್ಕರಾಗಿರಬಾರದು. ಪ್ರಾಪ್ತ ವಯಸ್ಸು 18. ಹತ್ತನೆಯವರಿಗೆ 15, 16. ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ವಾರದಲ್ಲಿ ಸ್ವಸ್ಥ ಚಿತ್ತವೂ ಅನುಮಾನವೇ. ಹೀಗೆ ಎರಡೂ ಕಡೆಯಿಂದ ಅಸಿಂಧುವಾದ ಪತ್ರ ಇದು, ಆದ್ದರಿಂದ ಧಾರಾಳವಾಗಿ ಬರೆಯಬಹುದು. 63ನೇ ಕಲಮು ಕೇಳುವ ಇಬ್ಬರು ಸಾಕ್ಷಿಗಳನ್ನು ಮಾತ್ರ ಬಿಡಬೇಡಿ, ವೇದಿಕೆಯ ಮೇಲೆ ಅವರಿಗೆ ಒಳ್ಳೆಯ ಕೆಲಸವಿದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೋಡಲು ಪತ್ರದಂತೆ ಕಾಣಬೇಕಲ್ಲ, ಅದಕ್ಕೆ ಹಸಿರು ಲೆಡ್ಜರ್ ಹಾಳೆ ಸಾಕು. ಮೊಹರಿಗೆ ಆಫೀಸಿನ ಸೀಲು ಕೇಳಲು ಹೋಗಬೇಡಿ. ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಕೇಳಿದವರ ಹೆಸರನ್ನು ಗುಮಾಸ್ತರು ನೆನಪಿಟ್ಟುಕೊಳ್ಳುತ್ತಾರೆ. ದೊಡ್ಡ ಆಲೂಗಡ್ಡೆಯನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಮೈಯನ್ನು ಬಟ್ಟೆಯಿಂದ ಒತ್ತಿ ನೀರು ತೆಗೆದು, ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಕೆತ್ತಿ, ಸ್ಟಾಂಪ್ ಪ್ಯಾಡಿಗೆ ಅದ್ದಿದರೆ ಆಯಿತು. ನೀರು ತೆಗೆಯದಿದ್ದರೆ ಶಾಯಿ ಹರಡಿ ಬರೀ ನೀಲಿ ಕಲೆ ಬೀಳುತ್ತದೆ. ಒತ್ತಕ್ಷರವಿರುವ ಪದ ಆರಿಸಿದವರು ಮೂರು ಆಲೂಗಡ್ಡೆ ಕೆಡಿಸುತ್ತಾರೆ. ‘ಸರಿ’ ಎಂದು ಕೆತ್ತಿ ಬಿಡುವುದು ಜಾಣತನ.

ಇನ್ನು ಆಸ್ತಿ. ಇಲ್ಲೇ ಹೆಚ್ಚಿನ ಉಯಿಲುಗಳು ಸೋಲುವುದು. ‘ನಮ್ಮ ಶಿಸ್ತನ್ನು, ನಮ್ಮ ಸಮಯಪಾಲನೆಯನ್ನು ಒಂಬತ್ತನೆಯವರಿಗೆ ಬಿಟ್ಟುಹೋಗುತ್ತಿದ್ದೇವೆ’ ಎಂದು ಬರೆದರೆ ಮೊದಲ ಸಲ ಸಣ್ಣದೊಂದು ನಗು, ಎರಡನೆಯ ಸಲ ಕೆಮ್ಮು. ಗುಣಗಳನ್ನು ಹಂಚಬಾರದು, ವಸ್ತು ಹಂಚಬೇಕು. ಆ ವಸ್ತು ಶಾಲೆಯಲ್ಲಿ ನಿಜಕ್ಕೂ ಇರಬೇಕು, ಎಲ್ಲರೂ ನೋಡಿರಬೇಕು, ಅದರ ಊನ ಇಂಥದ್ದೇ ಎಂದು ಹೇಳುವಂತಿರಬೇಕು. ಜಗಲಿಯಲ್ಲಿ ಜೂನ್‌ನಿಂದ ತೂಗುತ್ತಿರುವ, ಎರಡು ಕಡ್ಡಿ ಮುರಿದ, ಯಾರೂ ನನ್ನದೆಂದು ಹೇಳದ ಕರಿ ಕೊಡೆ. ಡೆಸ್ಕಿನೊಳಗೆ ಮಳೆಗಾಲವಿಡೀ ಕಾಪಾಡಿದ, ಜಿಗಣೆ ಹತ್ತಿದರೆ ಒತ್ತಲು ಇಟ್ಟ ಕಲ್ಲುಪ್ಪಿನ ಪೊಟ್ಟಣ, ಈಗ ಅರ್ಧ ಕರಗಿ ನೋಟ್‌ಬುಕ್ಕಿಗೆ ಅಂಟಿದ್ದು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಯೂನಿಫಾರ್ಮಿನ ಹೊಗೆವಾಸನೆ ಕೂಡ ವಸ್ತುವೇ, ಜುಲೈಯಲ್ಲಿ ಮುಂದಿನ ಬೆಂಚಿನಲ್ಲಿ ಕೂತವರು ಅದನ್ನು ಕೈಯಲ್ಲಿ ಹಿಡಿದಷ್ಟು ಸ್ಪಷ್ಟವಾಗಿ ಬಲ್ಲರು.

ಹಾಕಿ ಸ್ಟಿಕ್ಕು ಇಲ್ಲದ ಉಯಿಲು ಕೊಡಗಿನಲ್ಲಿ ನಡೆಯುವುದಿಲ್ಲ. ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರುಮಾಡಿದ ಮೇಲೆ, ಏಪ್ರಿಲ್ ಬಂದರೆ ಅಜ್ಜಂದಿರೂ ಸ್ಟಿಕ್ಕು ಹುಡುಕುವ ನಾಡಿದು. ಶಾಲೆಯ ಸ್ಟಿಕ್ಕು ಬೇರೆ ಥರದ್ದು. ತುದಿ ಸೀಳಿದೆ, ಅದರ ಮೇಲೆ ಇನ್ಸುಲೇಷನ್ ಟೇಪು ಸುತ್ತಿದೆ, ಟೇಪಿನ ಮೇಲೆ ಇನ್ನೊಂದು ಟೇಪು. ಬರೆಯುವಾಗ ಅಷ್ಟನ್ನೂ ಬರೆಯಿರಿ. ‘ಮರಕ್ಕಿಂತ ಟೇಪೇ ಹೆಚ್ಚಿರುವ ಸದರಿ ಸ್ಟಿಕ್ಕನ್ನು ಗೋಲು ಹೊಡೆಯಲು ಬಳಸತಕ್ಕದ್ದಲ್ಲ, ತಂಡದ ಫೋಟೋಗೆ ಹಿಡಿದು ನಿಲ್ಲತಕ್ಕದ್ದು.’ ಈ ‘ಸದರಿ’ ಮತ್ತು ‘ತಕ್ಕದ್ದು’ ಎಂಬೆರಡು ಪದಗಳಲ್ಲಿ ಎಷ್ಟು ನಗು ಅಡಗಿದೆಯೆಂದು ಪತ್ರ ಬರಹಗಾರರಿಗೇ ಗೊತ್ತಿಲ್ಲ.

ಆಸ್ತಿಯ ಜೊತೆ ಋಣವನ್ನೂ ಹಂಚಬೇಕು, ಉಯಿಲಿನ ಸೊಗಸು ಇರುವುದೇ ಅಲ್ಲಿ. ಜುಲೈ ರಾತ್ರಿ ಡಿಸಿಯವರ ಮಳೆ ರಜೆ ಆದೇಶಕ್ಕೆ ಫೋನು ಹಿಡಿದು ಕೂರುವ ಹಕ್ಕನ್ನು ಎಂಟನೆಯವರಿಗೆ ಕೊಡಿ. ಆ ರಜೆಗಳನ್ನು ತುಂಬಿಕೊಡಲು ಶನಿವಾರ ಮಧ್ಯಾಹ್ನವೂ ಕೂರಬೇಕಾದ ಹೊಣೆಯನ್ನು ಒಂಬತ್ತನೆಯವರಿಗೆ ಕೊಡಿ. ಹಕ್ಕು ಒಬ್ಬರಿಗೆ, ಸಾಲ ಇನ್ನೊಬ್ಬರಿಗೆ ಹೋದಾಗ ಸಭೆಯಲ್ಲಿ ಏಳುವ ಗಲಾಟೆಗೆ ಒಂದು ನಿಮಿಷ ಬಿಟ್ಟುಕೊಡಬೇಕು. ಥೇಲ್ಸನ ಪ್ರಮೇಯವನ್ನು ‘ಪಾಸಿಂಗ್ ಪ್ಯಾಕೇಜಿನ ಸಮೇತ’, ಅಂದರೆ ಪಾಸಾಗುವಷ್ಟೇ ಓದಲು ಆರಿಸಿಕೊಟ್ಟ ಪಾಠಗಳ ಸಮೇತ, ಒಂಬತ್ತನೆಯವರಿಗೆ ವರ್ಗಾಯಿಸಿದರೆ ಗಣಿತದ ಮೇಡಂ ಕೂಡ ನಗುತ್ತಾರೆ.

ನೆಪಗಳನ್ನು ಬಿಟ್ಟುಹೋಗುವಾಗ ಬಳಸುವ ವಿಧಾನವನ್ನೂ ಬರೆಯಬೇಕು. ‘ದಾರಿಯಲ್ಲಿ ಆನೆ ಇತ್ತು ಸರ್’ ಎಂಬುದು ಹೆಚ್ಚಿನ ಜಿಲ್ಲೆಯವರಿಗೆ ಸಿಗದ ಪಿತ್ರಾರ್ಜಿತ. ಎಷ್ಟೋ ಸಲ ಅದು ನಿಜವೂ ಹೌದು, ಆದ್ದರಿಂದಲೇ ಅದಕ್ಕೆ ಬೆಲೆ. ತಿಂಗಳಿಗೆ ಒಂದು ಸಲ ಮೀರಬಾರದು. ಅದೇ ದಾರಿಯಿಂದ ಬರುವ ಇನ್ನೊಬ್ಬರು ಪ್ರಾರ್ಥನೆಗೆ ಮುಂಚೆಯೇ ತಲುಪಿರುವ ದಿನ ಬಾಯಿ ಬಿಡಬಾರದು. ಆನೆಗಳು ಎಷ್ಟಿದ್ದವು ಎಂದು ಕೇಳಿದರೆ ಇಬ್ಬರೂ ಒಂದೇ ಸಂಖ್ಯೆ ಹೇಳಬೇಕು. ಹುತ್ತರಿ, ಕೈಲ್ ಮುಹೂರ್ತ, ಕಾವೇರಿ ಸಂಕ್ರಮಣ ಹಬ್ಬಗಳ ಮರುದಿನದ ಹೊಟ್ಟೆನೋವು ಎಲ್ಲ ಶಿಕ್ಷಕರಿಗೂ ಗೊತ್ತಿರುವುದರಿಂದ ಅದನ್ನು ಉಯಿಲಿಗೆ ಸೇರಿಸುವುದೇ ದಂಡ.

ಕಡೆಯಲ್ಲಿ ಷೆಡ್ಯೂಲು ಎಂಬ ಆಸ್ತಿ ವಿವರ ಬರಬೇಕು, ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿ ಸಮೇತ. ‘ಪೂರ್ವಕ್ಕೆ ಸೋರುವ ಗೋಡೆ, ಪಶ್ಚಿಮಕ್ಕೆ ಒಂಬತ್ತನೇ ಕ್ಲಾಸಿನ ಗದ್ದಲ, ಉತ್ತರಕ್ಕೆ ಹೆಡ್‌ಮಾಸ್ಟರ ಕಿಟಕಿ, ದಕ್ಷಿಣಕ್ಕೆ ಕಾಫಿ ತೋಟ, ಈ ಮಧ್ಯೆ ಇರುವ ಹಿಂದಿನ ಬೆಂಚು ಒಂದು.’ ಹಿಂದಿನ ಬೆಂಚನ್ನು ಮಾತ್ರ ಯಾರೊಬ್ಬರ ಹೆಸರಿಗೂ ಬರೆಯಬೇಡಿ. ಅದು ಕೊಡಗಿನ ಮನೆತನಗಳ ಹಿಂದಿನ ಕಾಲದ ಜಮ್ಮಾ ಜಾಗದಂತೆ, ತಲೆಮಾರಿನಿಂದ ಬಂದದ್ದು, ಪಾಲು ಮಾಡುವಂತಿಲ್ಲ, ಮಾರುವಂತಿಲ್ಲ. ಆಗ ಒಕ್ಕದ, ಅಂದರೆ ಮನೆತನದ, ಹಿರಿಯನ ಹೆಸರು ಪಟ್ಟೇದಾರನೆಂದು ದಾಖಲೆಯಲ್ಲಿ ಇರುತ್ತಿತ್ತು, ಅನುಭವಿಸುತ್ತಿದ್ದವರು ಎಲ್ಲರೂ. ಒಂಬತ್ತನೆಯವರಲ್ಲಿ ಅತಿ ಉದ್ದನೆಯವನನ್ನು ಪಟ್ಟೇದಾರನೆಂದು ಘೋಷಿಸಿ ಮುಂದೆ ಹೋಗಿ. ಈ ತಮಾಷೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಚೆನ್ನಾಗಿ ನಡೆಯುತ್ತದೆ. ಘಟ್ಟ ಇಳಿದರೆ ವಿವರಿಸಬೇಕಾಗುತ್ತದೆ, ವಿವರಿಸಿದ ತಮಾಷೆ ತಮಾಷೆಯಲ್ಲ.

ಉಯಿಲು ಕೆಡುವ ಬಗೆಗಳಲ್ಲಿ ಮೊದಲನೆಯದು ಜೋಡಿ ಹೆಸರು. ಒಬ್ಬ ಹುಡುಗನ ಮತ್ತು ಒಬ್ಬ ಹುಡುಗಿಯ ಹೆಸರನ್ನು ಒಂದೇ ವಾಕ್ಯದಲ್ಲಿ ಓದಿದರೆ ಆ ಕ್ಷಣಕ್ಕೆ ಇಡೀ ಸಭೆ ಸೀಟಿ ಹೊಡೆಯುತ್ತದೆ. ಮರುದಿನ ಇಬ್ಬರ ಮನೆಯವರೂ ಆಫೀಸಿನಲ್ಲಿ ಇರುತ್ತಾರೆ, ಒಬ್ಬರು ಪರೀಕ್ಷೆಗೆ ಓದುವುದನ್ನು ಬಿಟ್ಟು ಅಳುತ್ತಿರುತ್ತಾರೆ. ಮೈಬಣ್ಣ, ದಪ್ಪ ಸಣ್ಣ, ಮನೆಹೆಸರು, ತೋಟದ ಕಾರ್ಮಿಕರ ಲೈನ್ ಮನೆ, ಅಪ್ಪನ ಕೆಲಸ, ಇವೂ ಬೇಡ. ಹಾಗಾದರೆ ಉಳಿದದ್ದೇನು ಎಂದು ಕೇಳುವವರು ಉಯಿಲು ಬರೆಯಲು ಯೋಗ್ಯರಲ್ಲ. ಒಬ್ಬರ ಹೆಸರು ಹಾಕಿದ ಸಾಲನ್ನು ಅವರಿಗೇ ಮೊದಲು ಓದಿ ತೋರಿಸಬೇಕು. ಅವರು ನಕ್ಕರೆ ಇಡಿ. ‘ಪರವಾಗಿಲ್ಲ’ ಅಂದರೆ ತೆಗೆಯಿರಿ. ಶಿಕ್ಷಕರ ಅಡ್ಡಹೆಸರು ಎಷ್ಟೇ ಪ್ರಸಿದ್ಧವಾಗಿದ್ದರೂ ಮೈಕಿನಲ್ಲಿ ಬರಬಾರದು. ಅವರಿಗೆ ಅದು ಗೊತ್ತು, ನಮಗೆ ಗೊತ್ತೆಂಬುದೂ ಗೊತ್ತು, ಆ ಒಪ್ಪಂದ ಮುರಿಯಬಾರದು.

ಎರಡನೆಯದು ಬಿಟ್ಟುಹೋದ ಹೆಸರು. ಕ್ಲಾಸಿನಲ್ಲಿ 40 ಜನ ಇದ್ದು 12 ಜನರ ಹೆಸರು ಬಂದರೆ, ಉಳಿದ 28 ಜನ ತಮ್ಮ ಹೆಸರಿಗಾಗಿ ಕಾಯುತ್ತ ಕೂತು ನಗುವುದನ್ನು ಮರೆಯುತ್ತಾರೆ. ಎಲ್ಲರದ್ದೂ ಹಾಕಲು ಸಮಯವಿಲ್ಲ. ಬೆಂಚಿನ ಲೆಕ್ಕದಲ್ಲಿ ಅಥವಾ ಬಸ್ಸಿನ ಲೆಕ್ಕದಲ್ಲಿ ಬರೆಯುವುದು ಉಪಾಯ. ‘ನಾಪೋಕ್ಲು ಬಸ್ಸಿನವರು’, ‘ಸಿದ್ದಾಪುರ ಬಸ್ಸಿನವರು’ ಅಂದರೆ ಹತ್ತು ಜನ ಒಟ್ಟಿಗೆ ಕೂಗುತ್ತಾರೆ, ಯಾರೂ ಹೊರಗುಳಿಯುವುದಿಲ್ಲ. ನಡೆದು ಬರುವವರಿಗೆ ಒಂದು ಸಾಲು ಬೇರೆಯೇ ಬರೆಯಬೇಕು, ಅವರನ್ನು ಮರೆಯುವುದೇ ಹೆಚ್ಚು.

ಭಾಷೆಯ ತೊಡಕೂ ಇದೆ. ಒಂದೇ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮಾತಾಡುವ ಮನೆಗಳ ಮಕ್ಕಳಿರುತ್ತಾರೆ. ನಗಿಸುವ ಮಾತು ಕನ್ನಡದಲ್ಲೇ ಬರಲಿ. ಅದರ ಹಿಂದೆ ಸಾಕ್ಷಿಗಳ ಗೊಣಗಾಟ ಒಬ್ಬರದು ಕೊಡವ ತಕ್ಕಿನಲ್ಲಿ, ಇನ್ನೊಬ್ಬರದು ಅರೆಭಾಷೆಯಲ್ಲಿ ಬಂದರೆ ಸಭೆ ಎರಡು ಕಂತಿನಲ್ಲಿ ನಗುತ್ತದೆ. ಗೊಣಗಾಟದಲ್ಲೇ ತಮಾಷೆಯ ಗುಟ್ಟು ಇಟ್ಟರೆ ಅರ್ಧ ಜನ ಪಕ್ಕದವರ ಮುಖ ನೋಡುತ್ತಾರೆ.

ಉದ್ದ ಮೂರು ಫುಲ್‌ಸ್ಕೇಪ್ ಪುಟ, ಅದಕ್ಕಿಂತ ಹೆಚ್ಚಿಲ್ಲ. ಕೈಬರಹದ ಒಂದು ಪುಟ ಓದಲು ನಗುವಿನ ಸಮಯ ಸೇರಿ ಸುಮಾರು ಎರಡು ನಿಮಿಷ ಬೇಕು, ಒಟ್ಟು ಆರು ನಿಮಿಷ. ಓದುವವರು ಕ್ಲಾಸಿನ ಅತಿ ತಮಾಷೆಯ ಹುಡುಗ ಆಗಿರಬಾರದು. ಅವನು ತನ್ನ ಸಾಲಿಗೆ ತಾನೇ ಮೊದಲು ನಗುತ್ತಾನೆ. ಹಾಜರಿ ಕರೆಯುವ ದನಿಯಲ್ಲಿ ಓದಬಲ್ಲ, ಮುಖದ ಒಂದು ಗೆರೆಯೂ ಅಲುಗದ ಹುಡುಗಿ ಪ್ರತಿ ಕ್ಲಾಸಿನಲ್ಲೂ ಒಬ್ಬಳಾದರೂ ಇರುತ್ತಾಳೆ, ಅವಳನ್ನು ಹುಡುಕಿ. ಸಭೆ ನಗುವಾಗ ಮುಂದಿನ ಸಾಲಿಗೆ ಹೋಗದೆ, ನಗು ಇಳಿಯತೊಡಗಿದಾಗ, ಪೂರ್ತಿ ನಿಲ್ಲುವ ಮುಂಚೆ ಶುರುಮಾಡಬೇಕು.

ಮೈಕು ಬಾಯಿಂದ ನಾಲ್ಕು ಬೆರಳು ದೂರ. ಸ್ಪೀಕರ್ ಪೆಟ್ಟಿಗೆ ಓದುವವರ ಬೆನ್ನ ಹಿಂದೆ ಇದ್ದರೆ ಅದರ ಸದ್ದು ಮತ್ತೆ ಮೈಕಿಗೆ ನುಗ್ಗಿ ಕುಯ್ಯೋ ಎಂದು ಕೂಗುತ್ತದೆ, ಹಾಗಾಗಿ ಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಸಭೆಯ ಕಡೆಗೆ ಮುಖಮಾಡಿ ಇರಲಿ. ಶೀಟಿನ ಚಾವಣಿಯ ಸಭಾಂಗಣವಾದರೆ ಹೂಮಳೆ ಬಿದ್ದ ಕೂಡಲೇ ಯಾವ ಮೈಕೂ ಕೆಲಸಕ್ಕೆ ಬಾರದು. ಮಳೆಯ ಹಿಂದೆಯೇ ಕರೆಂಟೂ ಹೋಗುತ್ತದೆ. ಅಂಥ ದಿನ ಓದುವುದನ್ನು ನಿಲ್ಲಿಸಿ ತಿಂಡಿ ಮೊದಲು ಹಂಚಬೇಕು. ತಿಂಡಿಯ ಬಗ್ಗೆ ಹೆಚ್ಚೇನಿಲ್ಲ: 100 ಜನರಿಗೆ ಉಪ್ಪಿಟ್ಟಿಗೆ ಏಳೆಂಟು ಕೆಜಿ ರವೆ, ಸಣ್ಣ ಪೇಪರ್ ಕಪ್ಪಿನ ಲೆಕ್ಕದಲ್ಲಿ ಹತ್ತು ಲೀಟರು ಬೆಲ್ಲದ ಕಾಫಿ, ಅದಕ್ಕೆ ಸುಮಾರು ಒಂದು ಕೆಜಿ ಬೆಲ್ಲ. ಹಾಲಿಲ್ಲದ್ದರಿಂದ ಒಡೆಯುವ ಭಯವಿಲ್ಲ.

ಕಾರ್ಯಕ್ರಮದಲ್ಲಿ ಉಯಿಲಿನ ಜಾಗ ಅಳುವಿಗಿಂತ ಮುಂಚೆ. ನೆನಪಿನ ಕಾಣಿಕೆ, ಬೀಳ್ಕೊಡುಗೆ ಹಾಡು, ಕನ್ನಡ ಮೇಡಂ ಅವರ ಮಾತು ಇವೆಲ್ಲ ಆದ ಮೇಲೆ ಇಟ್ಟರೆ ಕರವಸ್ತ್ರ ಹಿಡಿದವರನ್ನು ನಗಿಸುವುದು ಯಾರಿಂದಲೂ ಆಗದು. ನಕ್ಕವರು ಆಮೇಲೆ ಅಳಬಲ್ಲರು, ಅತ್ತವರು ಆಮೇಲೆ ಮನೆಗೆ ಹೋಗಲು ನೋಡುತ್ತಾರೆ.

ಓದಿದ ಮೇಲೆ ಸಾಕ್ಷಿಗಳು ಸಹಿ ಹಾಕಿ, ಆಲೂಗಡ್ಡೆ ಒತ್ತಿ, ಪತ್ರವನ್ನು ಒಂಬತ್ತನೇ ಕ್ಲಾಸಿನ ಲೀಡರ್ ಕೈಗೆ ಕೊಡಬೇಕು. ಒಂಬತ್ತನೆಯವರಿಗೆ ಮುಂಚೆಯೇ ಸುಳಿವು ಸಿಕ್ಕಿದ್ದರೆ ಅವರೂ ಒಂದು ತಕರಾರು ಅರ್ಜಿ ಬರೆದುಕೊಂಡು ಬಂದಿರುತ್ತಾರೆ: ಆಸ್ತಿ ಬೇಡ, ಸಾಲ ಅಂತೂ ಬೇಡವೇ ಬೇಡ, ಬರೆದುಕೊಟ್ಟವರಿಗೆ ವಯಸ್ಸಾಗಿಲ್ಲ. ಅದಕ್ಕೆ ಎರಡು ನಿಮಿಷ ಕೊಡಿ. ನಾಲ್ಕು ಗಂಟೆಯ ಬಸ್ಸಿನವರು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದರೆಂದರೆ ಅಧ್ಯಕ್ಷತೆ ವಹಿಸಿದ ಹೆಡ್‌ಮಾಸ್ಟರು ವಿಚಾರಣೆಯನ್ನು ಮುಂದಿನ ಫೆಬ್ರವರಿಗೆ ಮುಂದೂಡಿ ವಂದನಾರ್ಪಣೆಗೆ ಕರೆಯಬೇಕು.