ಪಿ3 ಎಂಬ ತ್ರಿಶಂಕು ಸ್ವರ್ಗ

ದೊಡ್ಡ ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಟ್ಟ) ಯೋಜನೆಗಳಲ್ಲಿ ಯಾವ ಬಗ್ (ತಂತ್ರಾಂಶದ ದೋಷ) ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದಕ್ಕೆ ಶಾಸ್ತ್ರೋಕ್ತ ಪದ್ಧತಿಯೇ ಇದೆ. ಫೈರ್‌ಫಾಕ್ಸ್ ಬ್ರೌಸರಿನ ಮೊಝಿಲ್ಲಾದವರದ್ದನ್ನೇ ನೋಡಿ. ಪಿ ಅಂದರೆ ಪ್ರಯಾರಿಟಿ, ಆದ್ಯತೆ. ಪಿ1 ಅಂದರೆ ಈ ಆವೃತ್ತಿಯಲ್ಲೇ ಸರಿಮಾಡುತ್ತೇವೆ. ಪಿ2 ಅಂದರೆ ಮುಂದಿನದರಲ್ಲಿ, ತಪ್ಪಿದರೆ ಅದರ ಮುಂದಿನದರಲ್ಲಿ. ಪಿ3 ಅಂದರೆ ಬ್ಯಾಕ್‌ಲಾಗ್, ಬಾಕಿ ರಾಶಿ. ಪಿ4 ನರಮನುಷ್ಯರಿಗಲ್ಲ, ಬಾಟ್‌ಗಳಿಗೆ (ತಾವೇ ಓಡುವ ಪ್ರೋಗ್ರಾಂಗಳಿಗೆ) ಮೀಸಲು. ಪಿ5 ಅಂದರೆ ನಾವು ಮುಟ್ಟುವುದಿಲ್ಲ, ನೀವೇ ಪ್ಯಾಚ್ (ತಿದ್ದುವ ಕೋಡ್) ಬರೆದು ತಂದರೆ ಬೇಡ ಅನ್ನುವುದೂ ಇಲ್ಲ. ಇಷ್ಟರಲ್ಲಿ ಸತ್ಯವಂತ ಪಿ5 ಒಂದೇ. ಪಿ3 ನಮ್ಮ ‘ಮಾಡೋಣ ಬಿಡಿ ಸಾರ್’ ಗೋತ್ರದ್ದು. ಕೇಳಿದವರಿಗೆ ಬೇಜಾರಾಗಬಾರದು, ಹೇಳಿದವರಿಗೆ ಕೆಲಸ ಅಂಟಬಾರದು.

ಪಕ್ಕದಲ್ಲೇ ತೀವ್ರತೆಯ ಕಾಲಂ ಬೇರೆ ಇದೆ. ಎಸ್1 ಮಹಾವಿಪತ್ತು, ಎಸ್2 ಗಂಭೀರ, ಎಸ್3 ಸಾಮಾನ್ಯ, ಎಸ್4 ಕ್ಷುಲ್ಲಕ. ತೀವ್ರತೆ ಅಂದರೆ ಬಳಸುವವರಿಗೆ ಎಷ್ಟು ನೋವು ಅಂತ. ಆದ್ಯತೆ ಅಂದರೆ ಆ ನೋವಿಗೆ ಸಂಬಳ ಕೊಡುವವರು ಯಾರಾದರೂ ಇದ್ದಾರೆಯೇ ಅಂತ. ಹೊಸಬರು ಎರಡೂ ಒಂದೇ ಅಂದುಕೊಂಡು ತಮ್ಮ ಬಗ್‌ಗೆ ತಾವೇ ಎಸ್1 ಹಾಕಿಕೊಂಡು ಬರುತ್ತಾರೆ. ಅದನ್ನು ಕೆಳಕ್ಕಿಳಿಸುವುದರಷ್ಟು ಚುರುಕಾಗಿ ಈ ವ್ಯವಸ್ಥೆಯಲ್ಲಿ ಇನ್ಯಾವ ಕೆಲಸವೂ ನಡೆಯುವುದಿಲ್ಲ.

ಒಂದು ಬಗ್ ಇಟ್ಟುಕೊಂಡೇ ನೋಡೋಣ, ಕನ್ನಡದ್ದೇ ಇರಲಿ. ‘ಸಾಫ್ಟ್‌ವೇರ್’ ಎಂದು ಟೈಪ್ ಮಾಡಬೇಕಾದರೆ ‘ಟ್’ ಆದಮೇಲೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹಾಕಬೇಕು. ಝೀರೋ ವಿಡ್ತ್ ನಾನ್ ಜಾಯ್ನರ್ ಎಂದು ಹೆಸರು, ಯೂನಿಕೋಡಿನಲ್ಲಿ 200ಸಿ. ಹಾಕದಿದ್ದರೆ ‘ವ’ ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ಒಂದು ಕಡತದಲ್ಲಿ ಎರಡನ್ನೂ ಒಂದೊಂದು ಸಾಲಿನಲ್ಲಿ ಬರೆದು, ಕಂಟ್ರೋಲ್-ಎಫ್ ಒತ್ತಿ ಯಾವುದಾದರೂ ಒಂದನ್ನು ಹುಡುಕಿ. ಎರಡು ಸಿಗಬೇಕಾದಲ್ಲಿ ಒಂದೇ ಸಿಕ್ಕಿತೋ, ಬಗ್ ಇದೆ. ಹುಡುಕುವ ಕೋಡ್, ಸಂಕೇತಗಳನ್ನು ಒಂದೊಂದಾಗಿ ಹೋಲಿಸುತ್ತಾ ಕಾಣದ 200ಸಿಯನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ. ಯೂನಿಕೋಡಿನ ಹೋಲಿಕೆಯ ನಿಯಮವೋ ಅದನ್ನು ಕಡೆಗಣಿಸು ಅನ್ನುತ್ತದೆ. ಹೋಲಿಸುವ ಮುಂಚೆ ಅದನ್ನು ಬಿಟ್ಟು ಮುಂದೆ ಹೋದರಾಯಿತು. ಸಿಕ್ಕ ಪದವನ್ನು ಹಳದಿ ಬಳಿದು ತೋರಿಸುವಾಗ ಮೂಲ ಕಡತದ ಸ್ಥಾನಕ್ಕೆ ಲೆಕ್ಕ ಕೂಡಿಸುವುದೊಂದು ತಲೆನೋವು, ಅಷ್ಟೇ.

ಇದನ್ನು ವರದಿ ಮಾಡಿ. ಮೊದಲ ಉತ್ತರ, ‘ಸ್ಕ್ರೀನ್‌ಶಾಟ್ ಹಾಕಿ’. ಕಾಣದ ಅಕ್ಷರದ್ದು! ಎರಡನೆಯದು ‘ವರ್ಕ್ಸ್ ಫಾರ್ ಮಿ’. ಪುಣ್ಯಾತ್ಮರು ನಿಮ್ಮ ವರದಿಯಿಂದ ಒಂದೇ ಪದವನ್ನು ಎರಡು ಸಲ ಕಾಪಿ ಮಾಡಿಕೊಂಡು ಪರೀಕ್ಷಿಸಿರುತ್ತಾರೆ. (ಅದಕ್ಕೇ ಎರಡು ಸಾಲಿನ ಕಡತವನ್ನೇ ಲಗತ್ತಿಸಿ, ಎರಡೂ ಪದಗಳ ಕೋಡ್ ಪಾಯಿಂಟ್ (ಯೂನಿಕೋಡ್ ಸಂಖ್ಯೆ) ಪಟ್ಟಿ ಕೊಡಿ, ಆವೃತ್ತಿಯ ಸಂಖ್ಯೆ ಬರೆಯಿರಿ. ಉಪಯೋಗವಾಗದಿದ್ದರೂ ಅಭ್ಯಾಸ ಒಳ್ಳೆಯದು.) ಮೂರನೆಯ ಉತ್ತರ ‘ಡೂಪ್ಲಿಕೇಟ್’. ಪರ್ಷಿಯನ್ ಭಾಷೆಯವರೂ ಇದೇ ಅಕ್ಷರ ಬಳಸುವುದರಿಂದ ಕನ್ನಡದ ಬಗ್ ಪರ್ಷಿಯನ್ ಬಗ್‌ನೊಳಗೆ ಲೀನವಾಗುತ್ತದೆ. ಪರ್ಷಿಯನ್ ಬಗ್ ಅಷ್ಟರಲ್ಲಾಗಲೇ ‘ಸಂಕೀರ್ಣ ಲಿಪಿಗಳು’ ಎಂಬ, ಹಲವು ಬಗ್‌ಗಳನ್ನು ಒಟ್ಟಿಗೆ ಕಟ್ಟಿಡುವ ಮೆಟಾ ಬಗ್‌ನೊಳಗೆ ಲೀನವಾಗಿರುತ್ತದೆ. ಮೆಟಾ ಬಗ್ ಯಾರ ಹೆಸರಿನಲ್ಲೂ ಇರುವುದಿಲ್ಲ.

ರಿಗ್ರೆಷನ್ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ಎಂಬ ಪತ್ತೇದಾರಿ ಉಪಕರಣ ಓಡಿಸಬಹುದು. ಪ್ರತಿ ಸಲ ಅರ್ಧಕ್ಕರ್ಧ ಕತ್ತರಿಸುತ್ತಾ ಹೋದರೆ ಸಾವಿರ ಕಮಿಟ್‌ಗಳಲ್ಲಿ (ಕೋಡ್‌ಗೆ ಮಾಡಿದ ಬದಲಾವಣೆಗಳಲ್ಲಿ) ತಪ್ಪಿತಸ್ಥ ಯಾವುದು ಎಂದು ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಗೊತ್ತಾಗುತ್ತದೆ. ಬರೆದವರ ಹೆಸರೂ ಸಿಗುತ್ತದೆ, ಹೆಸರು ಸಿಕ್ಕಮೇಲೆ ನಾಚಿಕೆಯೂ ಕೆಲಸ ಮಾಡುತ್ತದೆ. ಹುಟ್ಟಿದಾಗಿನಿಂದಲೇ ಕೆಟ್ಟಿದ್ದರೆ? ಅದು ಸಂಪ್ರದಾಯ. ಕನ್ನಡ ಎಂದೂ ಸರಿಯಿರಲಿಲ್ಲವಾದ್ದರಿಂದ ಅದು ಕೆಟ್ಟಿದೆ ಎನ್ನುವುದಕ್ಕೆ ಆಧಾರವಿಲ್ಲ.

ಸರಿ, ಟ್ರಯಾಜ್ ಕಾಲ್‌ಗೆ (ಬಗ್‌ಗಳ ಆದ್ಯತೆ ತೀರ್ಮಾನಿಸುವ ಸಭೆಗೆ) ಹೋಗಿ ಬಾಯಿಬಿಟ್ಟು ಹೇಳೋಣವೆಂದರೆ ಅದು ಯುಟಿಸಿ ಸಂಜೆ ನಾಲ್ಕಕ್ಕೆ, ನಮಗೆ ರಾತ್ರಿ ಒಂಬತ್ತೂವರೆ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದ್ದರೆ ಅದೃಷ್ಟ. ಒಂದು ಗಂಟೆಯ ಸಭೆಗೆ ನಲವತ್ತು ಬಗ್ ಅಂದರೆ ತಲಾ ಒಂದೂವರೆ ನಿಮಿಷ. ಡಾರ್ಕ್ ಮೋಡ್‌ನಲ್ಲಿ ಸೇವ್ ಬಟನ್ನಿನ ಬೂದುಬಣ್ಣ ಸ್ವಲ್ಪ ಜಾಸ್ತಿಯಾಯಿತೇ ಎಂಬುದಕ್ಕೆ ಮಾತ್ರ ಅರ್ಧ ಗಂಟೆ, ಯಾಕೆಂದರೆ ಬಣ್ಣ ಎಲ್ಲರಿಗೂ ಕಾಣುತ್ತದೆ. ಕನ್ನಡದ ಸರದಿ ಬರುವಾಗ ಐವತ್ತೊಂಬತ್ತನೇ ನಿಮಿಷ. ‘ಪಿ3ರಲ್ಲೇ ಇರಲಿ?’ ‘ಇರಲಿ.’

ಇದೇ ಹೊತ್ತಿನಲ್ಲಿ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಆದ್ಯತೆಯ ಇನ್ನೊಂದು ಶಾಸ್ತ್ರ ನಡೆದಿರುತ್ತದೆ. ‘ಎನಿ ಅಪ್ಡೇಟ್?’ ‘ಜೆಂಟಲ್ ರಿಮೈಂಡರ್.’ ‘ಕ್ಲೈಂಟ್ ಎಸ್ಕಲೇಷನ್ ಆಗಿದೆ, ಇಟಿಎ ಕೊಡಿ.’ ಇಷ್ಟೆಲ್ಲ ಯಾರಿಗೆ? ಎಲ್ಲೋ ಕೂತು ಭಾನುವಾರ ಪುಕ್ಕಟೆ ಕೋಡ್ ಬರೆಯುವ ಅಪರಿಚಿತರಿಗೆ. ಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿಯ ಮೂರನೇ ಆವೃತ್ತಿಯ 15ನೇ ಕಲಮಿನಲ್ಲಿ, ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ, ಯಾವ ವಾರಂಟಿಯೂ ಇಲ್ಲ ಎಂದು ಬರೆದಿದೆ. ಓದಿದವರಿಲ್ಲ. ಅಂತರ್ಜಾಲದ ಸಂಪರ್ಕಗಳನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ಬಗ್ ಬಯಲಾದದ್ದು 2014ರಲ್ಲಿ. ಅರ್ಧ ಜಗತ್ತಿನ ಬೀಗ ಕಾಯುತ್ತಿದ್ದ ಆ ಯೋಜನೆಗೆ ಅಲ್ಲಿಯವರೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ಆ ಬಗ್‌ಗೆ ಭದ್ರತಾ ದೋಷಗಳ ತೀವ್ರತೆ ಅಳೆಯುವ ಸಿವಿಎಸ್‌ಎಸ್ ಪದ್ಧತಿಯಲ್ಲಿ ಮೊದಲು ಸಿಕ್ಕ ಅಂಕ ಹತ್ತಕ್ಕೆ ಐದು, ಅಂದರೆ ಮಧ್ಯಮ! ಸೂತ್ರ ಹಾಕಿ ಲೆಕ್ಕ ಮಾಡಿದ ಅಂಕವೇ ಇದು.

ಕೆಲವು ಬಗ್‌ಗಳು ತಮ್ಮಷ್ಟಕ್ಕೆ ತಾವೇ ವಾಸಿಯಾಗುತ್ತವೆ ಎನ್ನುವುದೂ ನಿಜ. ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದನೇ ನಂಬರಿನ ಬಗ್ಗನ್ನು 2004ರಲ್ಲಿ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರೇ ದಾಖಲಿಸಿದರು: ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ. ಆದ್ಯತೆ, ಕ್ರಿಟಿಕಲ್. 2013ರಲ್ಲಿ ಅವರೇ ಮುಚ್ಚಿದರು. ಪ್ಯಾಚ್ ಬರೆದವರು ಯಾರೂ ಇಲ್ಲ, ಅಷ್ಟರಲ್ಲಿ ಜನ ಆಂಡ್ರಾಯ್ಡ್ ಫೋನ್ ಕೊಂಡಿದ್ದರು.

ಕಾಯುವ ತಾಳ್ಮೆಯಿಲ್ಲದ ಯೋಜನೆಗಳು ಸ್ಟೇಲ್ ಬಾಟ್ ಸಾಕಿಕೊಂಡಿವೆ. ಅದರ ಮಾಮೂಲು ಲೆಕ್ಕ ಹೀಗೆ: 60 ದಿನ ಯಾರೂ ಮಾತಾಡದಿದ್ದರೆ ‘ಹಳಸಿದೆ’ ಎಂಬ ಚೀಟಿ, ಮತ್ತೆ 7 ದಿನ ಸುಮ್ಮನಿದ್ದರೆ ಮುಕ್ತಾಯ. ಕೋಡ್‌ನಲ್ಲಿ ಬಗ್ ಹಾಗೇ ಇರುತ್ತದೆ, ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಹಾಗಾಗಿ ಪಿಂಚಣಿದಾರರು ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇವೆಂದು ರುಜು ಹಾಕಿ ಬರುವ ಹಾಗೆ, ಐವತ್ತೊಂಬತ್ತನೇ ದಿನ ಹೋಗಿ ‘ಇನ್ನೂ ಇದೆ’ ಎಂದು ಬರೆದು ಬರಬೇಕು. ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿಯೇ ಬರೆಯಿರಿ. ಇಲ್ಲದಿದ್ದರೆ ‘ಯಾವ ಆವೃತ್ತಿ?’ ಎಂಬ ಪ್ರಶ್ನೆ ಬಂದು ಇನ್ನೊಂದು ಸುತ್ತು ಶುರುವಾಗುತ್ತದೆ.

ಪಿ1ಕ್ಕೆ ನೇರ ದಾರಿ ತೋರಿಸಿದ್ದು ನಮ್ಮ ತೆಲುಗು ನೆರೆಯವರು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ನಡುವೆ ಇದೇ 200ಸಿ ಸೇರಿಸಿ ಕಳಿಸಿದರೆ ಐಫೋನಿನ ಮೆಸೇಜ್ ಆಪ್ ಮಕಾಡೆ ಮಲಗುತ್ತಿತ್ತು. ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ ಆಪಲ್‌ನವರು ಐಓಎಸ್ 11.2.6 ಬಿಟ್ಟರು. ಅದು ಓಪನ್ ಸೋರ್ಸ್ ಅಲ್ಲದಿರಬಹುದು, ಆದರೆ ಕ್ರ್ಯಾಶ್‌ಗೆ ಎಲ್ಲ ಕಡೆಯೂ ಒಂದೇ ಮರ್ಯಾದೆ. ನಮ್ಮ ‘ಸಾಫ್ಟ್‌ವೇರ್’ ಯಾರ ಫೋನನ್ನೂ ಕೆಡವುವುದಿಲ್ಲ, ಯಾರ ಕಡತವನ್ನೂ ನುಂಗುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ, ಅಷ್ಟೇ. ಎಸ್4.